ಅಪ್ಪನ ಪುಸ್ತಕದ ಎರಡು 82

ನಮ್ಮಪ್ಪನಿಗೆ ನಾಡಿ ಸಿಗುವುದಿಲ್ಲ. ಸಿಗುತ್ತಿರಲಿಲ್ಲ ಅನ್ನಬೇಕು, ಈಗ ಅಷ್ಟಿಷ್ಟು ಸಿಗುತ್ತದೆ. ಆ ಅಷ್ಟಿಷ್ಟು ನಾಡಿಯಿಂದಲೇ ಹೋದ ವರ್ಷ ನಮ್ಮ ಮನೆಯಲ್ಲಿ ಒಂದು ಎಡವಟ್ಟು ಆಯಿತು. ಅದನ್ನು ಹೇಳೋಣ ಅಂತಲೇ ಕೂತಿದ್ದೇನೆ, ಆದರೆ ಮೊದಲಿಂದ ಹೇಳದಿದ್ದರೆ ಅರ್ಥ ಆಗಲ್ಲ.

ತಿಪಟೂರಿನ ಹತ್ತಿರ ನಮ್ಮದು ತೆಂಗಿನ ತೋಟ. ಅಪ್ಪನ ಹೃದಯ ಊದಿಕೊಂಡು, ಬಲ ಕಳೆದುಕೊಂಡು, ಕೊನೆಗೆ ಬಚ್ಚಲಿಗೆ ಹೋಗಿಬಂದರೂ ಏದುಸಿರು ಬಿಡುವ ಹಾಗಾದಾಗ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಎಲ್‌ವ್ಯಾಡ್ ಹಾಕಿದರು. ಹೃದಯದ ಎಡಗಡೆ ಕೆಳಗಿನ ಕೋಣೆಗೆ ಕೂರಿಸುವ ಪಂಪು. ಅಪ್ಪನದ್ದು ಹಾರ್ಟ್‌ಮೇಟ್ 3, ತೂಕ ಸುಮಾರು 200 ಗ್ರಾಂ. ಹೃದಯದ ತುದಿಯಿಂದ ರಕ್ತ ಎಳೆದುಕೊಂಡು ಒಂದು ಕೊಳವೆಯ ಮೂಲಕ ಅಯೋರ್ಟಾ ಅನ್ನುವ ದೊಡ್ಡ ರಕ್ತನಾಳಕ್ಕೆ ತಳ್ಳುತ್ತದೆ. ಹೊಟ್ಟೆಯಿಂದ ಒಂದು ವೈರು ಹೊರಗೆ ಬಂದು ಸೊಂಟದಲ್ಲಿರುವ ಕಂಟ್ರೋಲರಿಗೆ ಸೇರುತ್ತದೆ, ಎರಡು ಬ್ಯಾಟರಿ ಹೆಗಲ ಚೀಲದಲ್ಲಿ. ರಾತ್ರಿ ಮಲಗುವಾಗ ಗೋಡೆಯ ಪ್ಲಗ್ಗು. ನಮ್ಮ ಕಡೆ ಕರೆಂಟಿನ ಕಥೆ ಗೊತ್ತಲ್ಲ, ಅದಕ್ಕೊಂದು ಯುಪಿಎಸ್, ಅದೂ ಕೈಕೊಟ್ಟರೆ ಅಂತ ಇನ್ನೊಂದು ಜೊತೆ ಬ್ಯಾಟರಿ. ಅದು ಬೇರೆಯೇ ಪುರಾಣ, ಇನ್ನೊಂದು ದಿನ ಬರೆಯುತ್ತೇನೆ.

ಈ ಪಂಪು ಬಡಿಯುವುದಿಲ್ಲ, ತಿರುಗುತ್ತದೆ. ನಿಮಿಷಕ್ಕೆ 5,500 ಸುತ್ತಿನ ಆಸುಪಾಸು, ಹಗಲು ರಾತ್ರಿ ಒಂದೇ ಸಮ. ರಕ್ತ ಲಬ್ ಡಬ್ ಅಂತ ಚಿಮ್ಮಿ ಚಿಮ್ಮಿ ಹೋಗುವ ಬದಲು ನಲ್ಲಿ ಬಿಟ್ಟ ಹಾಗೆ ಹರಿಯುತ್ತಿರುತ್ತದೆ. ಹಾಗಾಗಿ ಮಣಿಕಟ್ಟು ಹಿಡಿದರೆ ಏನೂ ತಾಗಲ್ಲ.

ಊರ ಜಾತ್ರೆಗೆ ನೆಂಟರ ಮನೆಯಿಂದ ಒಬ್ಬರು ವಯಸ್ಸಾದ ನಾಟಿ ಪಂಡಿತರು ಬಂದಿದ್ದರು. ಅಪ್ಪನಿಗೆ ಆಪರೇಷನ್ ಆಗಿದೆ ಅಂತ ಗೊತ್ತಿತ್ತು, ಏನು ಅಂತ ಗೊತ್ತಿರಲಿಲ್ಲ. "ಕೊಡಿ ಗೌಡ್ರೆ, ನಾಡಿ ನೋಡಾನ" ಅಂತ ಕೈ ಹಿಡಿದರು. ಅಪ್ಪನಿಗೆ ಮೊದಲೇ ಕುಚೋದ್ಯ ಜಾಸ್ತಿ, ಬಾಯಿ ಬಿಡದೆ ಕೈ ಚಾಚಿದರು. ಪಂಡಿತರು ಮೂರು ಬೆರಳಿಟ್ಟರು. ಸ್ವಲ್ಪ ಮೇಲೆ ಇಟ್ಟರು, ಕೆಳಗೆ ಇಟ್ಟರು, ಇನ್ನೊಂದು ಕೈ ಕೇಳಿದರು. ಆಮೇಲೆ ಅಪ್ಪನ ಮುಖ ನೋಡಿದರು, ಅಪ್ಪ ಎಲೆ ಅಡಿಕೆ ಜಗಿಯುತ್ತಾ ನಗುತ್ತಿದ್ದಾರೆ. ಪಂಡಿತರು ಬೆವೆತುಹೋದರು ಪಾಪ. ಅಮ್ಮ ಒಳಗಿಂದ ಬಂದು ಬೈದ ಮೇಲೆಯೇ ಅಪ್ಪ ಅಂಗಿ ಎತ್ತಿ ವೈರು ತೋರಿಸಿದ್ದು.

ನಾಡಿ ಸಿಗದಿದ್ದರೆ ನಗಬಹುದು. ಬಿಪಿ ಸಿಗದಿದ್ದರೆ ನಗೋಕಾಗಲ್ಲ.

ಮೊದಲ ಸಲ ಇದು ತಲೆಗೆ ಹೋಗಿದ್ದು ಹಲ್ಲುನೋವಿನ ದಿನ. ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆ. ಸಿಸ್ಟರ್ ಎಲ್ಲರಿಗೂ ಮಾಡುವ ಹಾಗೆ ತೋಳಿಗೆ ಪಟ್ಟಿ ಸುತ್ತಿ ಬಟನ್ ಒತ್ತಿದರು. ಮಿಷಿನ್ ಉಬ್ಬಿತು, ಇಳಿಯಿತು, ಎರರ್ ಅಂತು. ಮತ್ತೆ ಉಬ್ಬಿತು, ಇನ್ನೂ ಜೋರಾಗಿ ಹಿಂಡಿತು, ಎರರ್. ಮೂರನೇ ಸಲ 71/58. ನಾಲ್ಕನೇ ಸಲ 123/104. ಐದು ನಿಮಿಷದೊಳಗೆ, ಅದೇ ಕೈ, ಅದೇ ಕುರ್ಚಿ. ಸಿಸ್ಟರ್ ಮೊದಲ ನಂಬರ್ ನೋಡಿದ್ದೇ ಡ್ಯೂಟಿ ಡಾಕ್ಟರನ್ನು ಕೂಗಿದರು, ಅವರು ಬಂದು ತಕ್ಷಣ ಡ್ರಿಪ್ ಹಾಕಬೇಕು ಅಂದರು. ಅಪ್ಪ ಹಲ್ಲು ಹಿಡಿದುಕೊಂಡೇ "ನನಗೇನೂ ಆಗಿಲ್ಲ ಸ್ವಾಮಿ, ಹಲ್ಲು ನೋಡಿ" ಅಂತಿದ್ದಾರೆ. ನಾನು ಬೆಂಗಳೂರಿನ ಎಲ್‌ವ್ಯಾಡ್ ಕೋಆರ್ಡಿನೇಟರ್ ಮೇಡಂಗೆ ಫೋನ್ ಹಚ್ಚಿ ಡಾಕ್ಟರ ಕೈಗೆ ಕೊಟ್ಟೆ. ಅವತ್ತು ಬಚಾವ್.

ಮಿಷಿನ್ನಿನ ತಪ್ಪಲ್ಲ ಅದು. ಅದು ಕೆಲಸ ಮಾಡುವ ರೀತಿಯೇ ಹಾಗೆ. ಮನೆಯಲ್ಲಿರುವ ಡಿಜಿಟಲ್ ಬಿಪಿ ಮಿಷಿನ್ ಏನನ್ನೂ ಕೇಳಿಸಿಕೊಳ್ಳುವುದಿಲ್ಲ. ಪಟ್ಟಿಯ ಗಾಳಿ ಇಳಿಯುತ್ತಾ ಬಂದಾಗ ಕೆಳಗಿನ ರಕ್ತನಾಳ ಒಂದೊಂದು ಬಡಿತಕ್ಕೂ ಉಬ್ಬಿ ತಗ್ಗುತ್ತದಲ್ಲ, ಆ ನಡುಕ ಗಾಳಿಗೂ ತಾಗುತ್ತದೆ, ಮಿಷಿನ್ ಅದನ್ನು ಹಿಡಿಯುತ್ತದೆ. ನಡುಕ ಎಲ್ಲಿ ಎಲ್ಲಕ್ಕಿಂತ ಜಾಸ್ತಿಯೋ ಅದು ಸರಾಸರಿ ಒತ್ತಡ. ಡಾಕ್ಟರುಗಳು ಮೀನ್ ಅಂತಲೋ ಮ್ಯಾಪ್ ಅಂತಲೋ ಕರೆಯುತ್ತಾರೆ. ನಾವು ಬರೆದುಕೊಳ್ಳುವ ಮೇಲಿನದ್ದು, ಕೆಳಗಿನದ್ದು ಎರಡನ್ನೂ ಮಿಷಿನ್ ಆ ನಡುಕದ ಏರಿಳಿತ ನೋಡಿ, ಕಂಪನಿಯವರು ಇಟ್ಟಿರುವ ಲೆಕ್ಕದ ಪ್ರಕಾರ ಅಂದಾಜು ಮಾಡಿ ಹೇಳುವುದು. ನನಗೆ ಇದು ಗೊತ್ತಾದಾಗ ಆಶ್ಚರ್ಯ ಆಯಿತು. 120/80 ಅಂತ ಇಷ್ಟು ವರ್ಷ ನಂಬಿಕೊಂಡು ಬಂದ ಎರಡು ನಂಬರೂ ಅಳೆದದ್ದಲ್ಲ, ಅಳೆದದ್ದು ನಡುವಿನದ್ದು, ಅದನ್ನು ಎಷ್ಟೋ ಮಿಷಿನ್‌ಗಳು ತೋರಿಸುವುದೇ ಇಲ್ಲ!

ಅಪ್ಪನ ತೋಳಿನಲ್ಲಿ ಬಡಿತವೇ ಇಲ್ಲ, ಅಥವಾ ಇದ್ದರೂ ಇಷ್ಟೇ ಇಷ್ಟು. ನಡುಕ ಎಲ್ಲಿಂದ ಬರಬೇಕು? ಕೆಮ್ಮಿದರೆ, ಬೆರಳಾಡಿಸಿದರೆ ಅದನ್ನೇ ಬಡಿತ ಅಂದುಕೊಂಡು ಮಿಷಿನ್ ಬಾಯಿಗೆ ಬಂದದ್ದು ಹೇಳುತ್ತದೆ. ಹಳೆಯ ಹಾರ್ಟ್‌ಮೇಟ್ 2 ಪಂಪಿನವರಲ್ಲಿ ಸಾಮಾನ್ಯ ಮಿಷಿನ್ ಸುಮಾರು ಅರ್ಧದಷ್ಟು ಸಲ ಮಾತ್ರ ರೀಡಿಂಗ್ ಕೊಡುತ್ತಿತ್ತಂತೆ.

ಸರಿ, ಸ್ಟೆತಸ್ಕೋಪ್ ಇಟ್ಟು ಹಳೇ ರೀತಿಯಲ್ಲಿ ನೋಡಿದರೆ? ಅದೂ ಆಗಲ್ಲ. 1905ರಲ್ಲಿ ರಷ್ಯಾದ ಕೊರೊಟ್ಕೊವ್ ಅನ್ನುವ ಡಾಕ್ಟರ್ ಕಂಡುಕೊಂಡ ಶಬ್ದ ಅದು. ಪಟ್ಟಿ ಹಿಂಡಿದ ನಾಳದೊಳಗೆ ಒಂದೊಂದು ಬಡಿತಕ್ಕೂ ರಕ್ತ ನುಗ್ಗಿದಾಗ ಟಪ್ ಟಪ್ ಅಂತ ಕೇಳುತ್ತದೆ. ನುಗ್ಗುವುದೇ ಇಲ್ಲ ಅಂದರೆ ಟಪ್ ಎಲ್ಲಿಂದ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿಗೂ ಬಡಿತ ಬೇಕು, ಅದೂ ಅಪ್ಪನ ಬೆರಳಲ್ಲಿ ಸುಮ್ನೆ ಗೆರೆ ಎಳೆದುಕೊಂಡು ಕೂರುತ್ತಿತ್ತು. ನನ್ನ ತಮ್ಮ ಕೊಡಿಸಿದ ವಾಚು ಅಂತೂ ಅಪ್ಪನನ್ನು ಮನುಷ್ಯ ಅಂತಲೇ ಒಪ್ಪಲಿಲ್ಲ, ಕೈಗೆ ಸರಿಯಾಗಿ ಕಟ್ಟಿಕೊಳ್ಳಿ ಅಂತ ಹೇಳುತ್ತಲೇ ಇತ್ತು.

ಅಮೆರಿಕದ ಉಪಾಧ್ಯಕ್ಷರಾಗಿದ್ದ ಡಿಕ್ ಚೇನಿ 2010ರಲ್ಲಿ ಹಾರ್ಟ್‌ಮೇಟ್ 2 ಹಾಕಿಸಿಕೊಂಡು, 2012ರಲ್ಲಿ ಬದಲಿ ಹೃದಯ ಸಿಗುವ ತನಕ ಅದರ ಮೇಲೇ ಇದ್ದರು. ಇದನ್ನು ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಅವರಿಗೆ ಬಿಪಿ ಯಾವುದ್ರಲ್ಲಿ ನೋಡ್ತಿದ್ರಂತೆ?"

ಡಾಪ್ಲರಿನಲ್ಲಿ. ಆಸ್ಪತ್ರೆಯಲ್ಲಿ ಮಲಗಿಸಿದಾಗ ಮಣಿಕಟ್ಟಿನ ರಕ್ತನಾಳಕ್ಕೆ ಸೂಜಿ ಹಾಕಿ ನೇರವಾಗಿ ಒತ್ತಡ ಅಳೆಯುತ್ತಾರೆ, ಎಲ್ಲದಕ್ಕಿಂತ ಸರಿಯಾದದ್ದು ಅದೇ. ಮನೆಯಲ್ಲಿ ದಿನಾ ಸೂಜಿ ಚುಚ್ಚೋಕಾಗುತ್ತಾ? ಅದಕ್ಕೆ ಚುಚ್ಚದೆ ನೋಡುವ ದಾರಿ ಇದು. ಡಾಪ್ಲರಿನ ಕಡ್ಡಿ ಚರ್ಮದೊಳಕ್ಕೆ ನಮ್ಮ ಕಿವಿಗೆ ಕೇಳದ ಶಬ್ದ ಕಳಿಸುತ್ತದೆ, ಹರಿಯುವ ರಕ್ತಕಣಗಳಿಗೆ ಬಡಿದು ವಾಪಸ್ ಬರುವಾಗ ಅದರ ಶ್ರುತಿ ಬದಲಾಗಿರುತ್ತದೆ, ಆ ವ್ಯತ್ಯಾಸವನ್ನು ಸ್ಪೀಕರಿನಲ್ಲಿ ಕೇಳಿಸುತ್ತದೆ. ರಕ್ತ ಬಡಿಯಬೇಕು ಅಂತೇನಿಲ್ಲ. ಹರಿದರೆ ಸಾಕು.

ಡಾಪ್ಲರ್ ಅಂತ ಆನ್‌ಲೈನಿನಲ್ಲಿ ಹುಡುಕಿ, ಕಡಿಮೆ ರೇಟಿಗೆ ಸಿಕ್ಕಿತು ಅಂತ ಒಂದು ತರಿಸಿದೆ. ಡಬ್ಬ ಬಂತು, ಮೇಲೆ ಗರ್ಭಿಣಿಯ ಚಿತ್ರ. ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ಕೇಳುವ ಡಾಪ್ಲರು ಅದು. ಅಪ್ಪ ಡಬ್ಬ ತಿರುಗಿಸಿ ನೋಡಿ "ಎಷ್ಟನೇ ತಿಂಗಳು ಅಂತ ಕೇಳ್ಕೊಂಡು ಬಾ" ಅಂದರು. ಅದು 3 ಮೆಗಾಹರ್ಟ್ಸ್, ಆಳದಲ್ಲಿರುವುದನ್ನು ಕೇಳುವುದಕ್ಕೆ. ಮೊಣಕೈ ಮಡಿಕೆಯ ರಕ್ತನಾಳ ಚರ್ಮದ ಕೆಳಗೇ ಇರುತ್ತದೆ, ಅದಕ್ಕೆ 8 ಮೆಗಾಹರ್ಟ್ಸಿನ ಕಡ್ಡಿ ಬೇಕು. ಕೊಳ್ಳುವವರು ಇದೊಂದನ್ನು ನೋಡಿಕೊಳ್ಳಿ, ನನ್ನ ಹಾಗೆ ಎರಡು ಸಲ ದುಡ್ಡು ಕೊಡಬೇಡಿ.

ನೋಡುವ ಕ್ರಮವನ್ನು ಕೋಆರ್ಡಿನೇಟರ್ ಮೇಡಂ ಡಿಸ್‌ಚಾರ್ಜಿಗೆ ಮುಂಚೆ ಮೂರು ದಿನ ಕೂರಿಸಿಕೊಂಡು ಕಲಿಸಿದ್ದರು. ನನಗಿಂತ ಬೇಗ ಕಲಿತಿದ್ದು ಅಮ್ಮ. ಬೆಳಗ್ಗೆ ಕಾಫಿಗೆ ಮುಂಚೆ ಅಪ್ಪ ಐದು ನಿಮಿಷ ಸುಮ್ಮನೆ ಕೂರಬೇಕು, ಅದೇ ಎಲ್ಲಕ್ಕಿಂತ ಕಷ್ಟದ ಭಾಗ. ಕೈ ಟೇಬಲ್ಲಿನ ಮೇಲೆ, ಎದೆ ಮಟ್ಟಕ್ಕೆ. ತೋಳಿಗೆ ಪಟ್ಟಿ, ಅದಕ್ಕೆ ಬಲ್ಬು, ಡಯಲ್ಲು. ಬಟನ್ ಒತ್ತುವ ಮಿಷಿನ್ ಇದಕ್ಕೆ ಬರಲ್ಲ, ಗಾಳಿ ಬಿಡುವುದು ನಮ್ಮ ಕೈಯಲ್ಲೇ ಇರಬೇಕು. ಮೊಣಕೈ ಮಡಿಕೆಯಲ್ಲಿ, ಮೈ ಕಡೆಗೆ ಒಂದು ಬೆರಳು ಸರಿದು, ಗೋಲಿ ಗಾತ್ರದಷ್ಟು ಜೆಲ್. ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿದರೆ ಏನೂ ಕೇಳಲ್ಲ, ರಕ್ತ ಹರಿಯುವ ದಿಕ್ಕಿಗೆ ಓರೆಯಾಗಿ, ಪೆನ್ನು ಹಿಡಿದು ಬರೆಯುವಾಗ ಇರುತ್ತದಲ್ಲ ಹಾಗೆ ಹಿಡಿಯಬೇಕು. ಒತ್ತಬಾರದು, ಒತ್ತಿದರೆ ನಾಳವೇ ಮುಚ್ಚಿಹೋಗುತ್ತದೆ.

ಸಿಕ್ಕಿತು ಅಂದಾಗ ಬರುವ ಶಬ್ದ ಇದೆಯಲ್ಲ, ಅದನ್ನು ಮರೆಯುವುದಕ್ಕಾಗಲ್ಲ. ನನ್ನ ಕೈಯಲ್ಲಿ ಅದೇ ಕಡ್ಡಿ ಇಟ್ಟರೆ ಚುಯ್, ಚುಯ್, ಚುಯ್ ಅಂತ ಬರುತ್ತದೆ. ಅಪ್ಪನ ಕೈಯಲ್ಲಿ ತೆಂಗಿನ ಗರಿಗೆ ಗಾಳಿ ಬೀಸಿದ ಹಾಗೆ ಒಂದೇ ಸಮ ಸೂssss ಅಂತ. ಆಮೇಲೆ ಬಲ್ಬ್ ಅದುಮುತ್ತಾ ಹೋಗಬೇಕು. ಗಾಳಿ ಸಣ್ಣದಾಗುತ್ತದೆ, ನಿಲ್ಲುತ್ತದೆ. ಇನ್ನೊಂದು 20, 30 ಮೇಲಕ್ಕೆ ಏರಿಸಿ, ತಿರುಪು ಸಡಿಲ ಮಾಡಿ, ಸೆಕೆಂಡಿಗೆ ಒಂದೇ ಗೆರೆ ಇಳಿಯುವಷ್ಟು ನಿಧಾನ ಬಿಡಬೇಕು. ಮನೆಯಲ್ಲಿ ಟಿವಿ ಬಂದ್, ಮಿಕ್ಸಿ ಬಂದ್, ಎಲ್ಲರೂ ಉಸಿರು ಹಿಡಿದುಕೊಂಡು ಮುಳ್ಳನ್ನು ನೋಡುತ್ತಿರುತ್ತೇವೆ. ಸೂ ಅಂತ ಮತ್ತೆ ಶುರುವಾದ ಕ್ಷಣ ಮುಳ್ಳು ಎಲ್ಲಿದೆಯೋ ಅದೇ ನಂಬರು. ಒಂದೇ ನಂಬರು. ಮೇಲಿನದ್ದು ಕೆಳಗಿನದ್ದು ಅಂತಿಲ್ಲ.

ಅಪ್ಪನ ಪುಸ್ತಕದಲ್ಲಿ ಮೊದಲ ಆರು ತಿಂಗಳು ಬರೀ ಇವೇ: 80, 82, 78, 82, 84, 82. ಆಸ್ಪತ್ರೆಯವರು ನಮಗೆ ಹೇಳಿದ್ದು 70ರಿಂದ 85ರೊಳಗೆ ಇರಲಿ, 90 ದಾಟಿದರೆ ಫೋನ್ ಮಾಡಿ ಅಂತ. ಎಲ್ಲಾ ಸರಿಯಾಗಿತ್ತು.

ಇಷ್ಟೊಂದು ಬಿಗಿ ಯಾಕೆ ಅಂತ ನಾನು ಡಾಕ್ಟರನ್ನು ಕೇಳಿದೆ. ಅವರು ಪ್ರೆಷರ್, ಆಫ್ಟರ್‌ಲೋಡ್ ಅಂತ ಏನೋ ಶುರು ಮಾಡಿದರು. ಅಪ್ಪ ಮಧ್ಯೆ ಬಾಯಿ ಹಾಕಿ "ಹೆಡ್ಡಾ ಸಾರ್?" ಅಂದರು. ಡಾಕ್ಟರಿಗೆ ತಿಳಿಯಲಿಲ್ಲ. ಅಪ್ಪ ವಿವರಿಸಿದರು. ಬಾವಿಯ ಮೋಟಾರು ಅಷ್ಟೇ ಸ್ಪೀಡಿನಲ್ಲಿ ತಿರುಗುತ್ತಿದ್ದರೂ ನೀರನ್ನು ಹೆಚ್ಚು ಎತ್ತರಕ್ಕೆ ಏರಿಸಬೇಕಾದರೆ ಬೀಳುವ ನೀರು ಕಡಿಮೆಯಾಗುತ್ತದೆ. ಹೆಡ್ ಜಾಸ್ತಿ, ನೀರು ಕಮ್ಮಿ. ನನ್ನೊಳಗಿರುವುದೂ ಸೆಂಟ್ರಿಫ್ಯೂಗಲ್ ಪಂಪೇ ತಾನೆ, ಬಿಪಿ ಏರಿದರೆ ಹೆಡ್ ಏರಿದ ಹಾಗೆ, ಅಲ್ವಾ? ಡಾಕ್ಟರು ಒಂದು ನಿಮಿಷ ಅಪ್ಪನನ್ನೇ ನೋಡಿ, ಜೊತೆಗಿದ್ದ ಸ್ಟೂಡೆಂಟುಗಳ ಕಡೆ ತಿರುಗಿ "ಕೇಳಿಸ್ಕೊಂಡ್ರಾ" ಅಂದರು. ಅಪ್ಪ ಊರಿಗೆ ಬಂದು ಎಷ್ಟು ಜನಕ್ಕೆ ಈ ಕಥೆ ಹೇಳಿದ್ದಾರೆ ಅಂತ ಲೆಕ್ಕ ಇಲ್ಲ.

ಹೆಡ್ಡಿಗಿಂತ ಭಯದ ಕಾರಣ ಇನ್ನೊಂದಿದೆ, ತಲೆ. ಪಂಪಿನೊಳಗೆ ರಕ್ತ ಹೆಪ್ಪುಗಟ್ಟಬಾರದು ಅಂತ ದಿನಾ ವಾರ್ಫರಿನ್ ಮಾತ್ರೆ. ರಕ್ತ ತೆಳುವಾಗಿದ್ದಾಗ ಬಿಪಿ ಏರಿದರೆ ಮಿದುಳಿನಲ್ಲಿ ರಕ್ತಸ್ರಾವದ ಅಪಾಯ. ಎಚ್‌ವ್ಯಾಡ್ ಅಂತ ಇನ್ನೊಂದು ಪಂಪು ಇತ್ತು, 2021ರಲ್ಲಿ ಮಾರಾಟ ನಿಲ್ಲಿಸಿದರು. ಅದನ್ನು ಹಾರ್ಟ್‌ಮೇಟ್ 2 ಜೊತೆ ಹೋಲಿಸಿದ ಎಂಡ್ಯೂರೆನ್ಸ್ ಅನ್ನುವ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಎಚ್‌ವ್ಯಾಡ್‌ನವರಲ್ಲಿ ಸ್ಟ್ರೋಕ್ ಆದದ್ದು 29.7 ಶೇಕಡ, ಇನ್ನೊಂದರಲ್ಲಿ 12.1. ಮೀನ್ ಒತ್ತಡ 90 ದಾಟಿದವರಿಗೆ ಅಪಾಯ ಹೆಚ್ಚು ಅಂತ ಕಂಡಿತು. ಆಮೇಲೆ ಅದೇ ಪಂಪಿನವರ ಇನ್ನೊಂದು ಗುಂಪಿನಲ್ಲಿ ಒತ್ತಡವನ್ನು 85ರೊಳಗೆ ಹಿಡಿದಿಡುವ ಕ್ರಮ ತಂದಾಗ, ಮೊದಲಿನವರಿಗೆ ಹೋಲಿಸಿದರೆ ಮಿದುಳಿನ ರಕ್ತಸ್ರಾವದ ಸ್ಟ್ರೋಕು ಸುಮಾರು ಅರ್ಧಕ್ಕೆ ಇಳಿಯಿತು. ಬರೀ ಬಿಪಿ ಸರಿಯಾಗಿ ನೋಡಿ ಮಾತ್ರೆ ಸರಿಹೊಂದಿಸಿದ್ದಕ್ಕೆ! ಹಾಗಾಗಿ ಆ ಮುಳ್ಳಿನ ನಂಬರು ನಮಗೆ ಕೊಬ್ಬರಿ ರೇಟಿಗಿಂತ ಮುಖ್ಯ.

ಈಗ ಎಡವಟ್ಟಿಗೆ ಬರುತ್ತೇನೆ.

ಒಂದು ಚೆಕಪ್ಪಿನಲ್ಲಿ ಎಕೋ ಮಾಡಿದಾಗ ಅಪ್ಪನ ಹೃದಯದ ಅಯೋರ್ಟಾ ವಾಲ್ವ್ ತೆರೆಯುವುದೇ ಇಲ್ಲ ಅಂತ ಕಂಡಿತು. ಎಲ್ಲಾ ರಕ್ತವನ್ನೂ ಪಂಪೇ ಎಳೆದುಕೊಂಡರೆ ಹೃದಯ ತನ್ನ ಬಾಗಿಲು ತೆರೆಯುವುದು ಯಾಕೆ. ಆದರೆ ವಾಲ್ವ್ ಹಾಗೇ ಮುಚ್ಚಿಕೊಂಡಿದ್ದರೆ ಕಾಲಕ್ರಮೇಣ ಕೆಟ್ಟು ಸೋರುವುದಕ್ಕೆ ಶುರುವಾಗುತ್ತದೆ. ಅದಕ್ಕೆ ಪಂಪಿನ ಸ್ಪೀಡನ್ನು 5,600ರಿಂದ 5,300ಕ್ಕೆ ಇಳಿಸಿದರು. ಹೃದಯವೂ ಅಷ್ಟಿಷ್ಟು ಕೆಲಸ ಮಾಡಲಿ ಅಂತ. ಒಳ್ಳೆಯದೇ. ಅಪ್ಪನೂ ಹುಷಾರಾಗೇ ಇದ್ದರು.

ಊರಿಗೆ ಬಂದು ಒಂದು ವಾರಕ್ಕೆ ಪುಸ್ತಕದಲ್ಲಿ 94. ಆಮೇಲೆ 96. 98. ಮತ್ತೆ 98. ಅಮ್ಮನಿಗೆ ಗಾಬರಿ, ಉಪ್ಪಿನಕಾಯಿ ಭರಣಿ ಅಟ್ಟಕ್ಕೆ ಹೋಯಿತು. ಫೋನ್ ಮಾಡಿದೆ. ಕೋಆರ್ಡಿನೇಟರ್ ಮೇಡಂ ರಜೆಯಲ್ಲಿದ್ದರು, ಬೇರೆ ಯಾರೋ ತೆಗೆದುಕೊಂಡರು. "ಮೀನ್ 98 ಜಾಸ್ತಿ ಆಯ್ತು, ಬಿಪಿ ಮಾತ್ರೆ ಆಮ್ಲೋಡಿಪಿನ್ 5 ಇರೋದನ್ನ 10 ಮಾಡಿ" ಅಂದರು. ಮಾಡಿದೆವು. ನಂಬರು ಇಳಿಯಿತು, 90, 86, ಕೊನೆಗೆ ನಮ್ಮ ಹಳೆಯ 82. ನಾನು ಪಕ್ಕದಲ್ಲಿ ಟಿಕ್ ಹಾಕಿದೆ, ದೊಡ್ಡದಾಗಿ, ಹಸಿರು ಪೆನ್ನಿನಲ್ಲಿ.

ಅದೇ ದಿನ ಹನ್ನೊಂದು ಗಂಟೆಗೆ ಅಪ್ಪ ತೋಟದಲ್ಲಿ ಬಗ್ಗಿ ಗರಿ ಎಳೆದು ಎದ್ದಿದ್ದಾರೆ, ಕಣ್ಣು ಕತ್ತಲೆ ಬಂದು ಮರದ ಬುಡಕ್ಕೆ ಕುಸಿದು ಕೂತಿದ್ದಾರೆ. ತಲೆಗೆ ಏಟಾಗಲಿಲ್ಲ, ದೇವರು ದೊಡ್ಡವನು. ಮೊಣಕಾಲು ತರಚಿತ್ತು ಅಷ್ಟೇ, ಆದರೆ ವಾರ್ಫರಿನ್ ತೆಗೆದುಕೊಳ್ಳುವವರ ತರಚು ಗಾಯ ಅಂದರೆ ಅದೊಂದು ಪಂಚೆ ತೋಯುವಷ್ಟು. ನಾನು ಓಡಿಹೋದಾಗ ಅಪ್ಪ "ಬಿಪಿ 82 ಇತ್ತಲ್ಲ ಬೆಳಗ್ಗೆ" ಅಂತಲೇ ಹೇಳುತ್ತಿದ್ದರು. ಇತ್ತು. ನಾನೇ ನೋಡಿದ್ದು.

ಮಾರನೇ ದಿನ ಬೆಂಗಳೂರು. ಅಷ್ಟು ಹೊತ್ತಿಗೆ ಮೇಡಂ ವಾಪಸ್ ಬಂದಿದ್ದರು. ಪುಸ್ತಕ ನೋಡಿದರು, ಮಾತಾಡಲಿಲ್ಲ, ಅಪ್ಪನ ಮಣಿಕಟ್ಟು ಹಿಡಿದರು. ಸ್ವಲ್ಪ ಹೊತ್ತು ಹಾಗೇ ಕೂತು, ನನ್ನ ಬೆರಳನ್ನು ತೆಗೆದುಕೊಂಡು ಅಲ್ಲಿಟ್ಟರು. ಇತ್ತು. ಸಣ್ಣಗೆ, ಬೆರಳಿನ ಕೆಳಗೆ ಇರುವೆ ಹೋದ ಹಾಗೆ, ಅಪ್ಪನ ನಾಡಿ. ಒಂದೂವರೆ ವರ್ಷದ ಮೇಲೆ.

ಡಾಪ್ಲರಿನಲ್ಲಿ ನೋಡಿದರು, 82. ಆಮೇಲೆ ಆ ಬಟನ್ ಒತ್ತುವ ಮಿಷಿನ್ನೇ ತಂದು ಹಾಕಿದರು. ಎರರ್ ಬರುತ್ತದೆ ಅಂತ ನಾನು ಕಾಯುತ್ತಿದ್ದೆ. ಬರಲಿಲ್ಲ. 84/62. ಮತ್ತೊಮ್ಮೆ, ಹೆಚ್ಚುಕಮ್ಮಿ ಅದೇ. ಮೀನ್ 69. ಎದ್ದು ನಿಲ್ಲಿಸಿ ನೋಡಿದಾಗ ಇನ್ನೂ ಕೆಳಗೆ.

ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು, ಅವತ್ತು ನನಗೆ ಅರ್ಥವಾಯಿತು. ಒತ್ತಡ ಒಂದೇ ಸಮ ಇದ್ದರೆ ಅದು ಮಟ್ಟಸವಾದ ಗೆರೆ. ಪಟ್ಟಿಯ ಒತ್ತಡ ಆ ಗೆರೆಗಿಂತ ಕೆಳಗೆ ಬಂದ ಕೂಡಲೇ ನಾಳ ತೆರೆದುಕೊಂಡು ರಕ್ತ ಹರಿಯುತ್ತದೆ. ಹಾಗಾಗಿ ಡಾಪ್ಲರ್ ನಂಬರೂ ಮೀನ್ ನಂಬರೂ ಹತ್ತಿರ ಹತ್ತಿರ ಒಂದೇ. ಆದರೆ ಹೃದಯ ತಾನೂ ಬಡಿಯುತ್ತಿದ್ದರೆ ಗೆರೆಯಲ್ಲಿ ಗುಡ್ಡಗಳು ಏಳುತ್ತವೆ. ಪಟ್ಟಿ ಇಳಿಯುತ್ತಾ ಬಂದಾಗ ಮೊದಲು ತಾಗುವುದು ಗುಡ್ಡದ ತುದಿ. ಆ ತುದಿಯಲ್ಲಿ ಒಂದು ಚೂರು ರಕ್ತ ನುಸುಳಿದರೂ ಡಾಪ್ಲರ್ ಸೂ ಅಂದುಬಿಡುತ್ತದೆ. ಅಂದರೆ ಅದು ಹೇಳುತ್ತಿರುವುದು ಮೇಲಿನ ನಂಬರು, ಮೀನ್ ಅಲ್ಲ.

ಹಾಗಾಗಿ ಸ್ಪೀಡ್ ಇಳಿಸಿದ ಮೇಲೆ ಬಂದ 98 ನಿಜವಾಗಿ ಏರಿದ ಬಿಪಿಯೇ ಅಲ್ಲ. ಅಪ್ಪನ ಹೃದಯ ವಾಲ್ವ್ ತೆರೆಯುತ್ತಿದೆ ಅಂತ ಹೇಳಿದ ಸುದ್ದಿ ಅದು, ಸಂತೋಷದ ಸುದ್ದಿ. ನಾವು ಅದಕ್ಕೆ ಮಾತ್ರೆ ಕೊಟ್ಟು ಕೂರಿಸಿದೆವು. ಮೊದಲಿನ 82 ಮೀನ್. ಎರಡನೆಯ 82 ಗುಡ್ಡದ ತುದಿ, ಅದರ ಕೆಳಗೆ ಮೀನ್ 69. ಪುಸ್ತಕದಲ್ಲಿ ನೋಡಿದರೆ ಎರಡೂ ಒಂದೇ ಥರ, ನನ್ನದೇ ಕೈಬರಹ.

ಮಾತ್ರೆ ಮತ್ತೆ 5ಕ್ಕೆ ಇಳಿಸಿದರು. ಈಗ ಡಾಪ್ಲರಿನಲ್ಲಿ 98 ಬಂದಾಗ ಮಿಷಿನ್ 100/76 ತೋರಿಸುತ್ತದೆ. ಕೆಳಗಿನ ನಂಬರಿಗೆ ಎರಡರ ವ್ಯತ್ಯಾಸದ ಮೂರನೇ ಒಂದು ಭಾಗ ಕೂಡಿಸಿ, 76ಕ್ಕೆ 8, 84. ಮೊದಲಿನಷ್ಟೇ ಚೆನ್ನಾಗಿದೆ.

ಫೋನಿನಲ್ಲಿ ಮಾತ್ರೆ ಜಾಸ್ತಿ ಮಾಡಿ ಅಂದವರ ಮೇಲೆ ನನಗೆ ಒಂದು ವಾರ ಸಿಟ್ಟಿತ್ತು. ಆಮೇಲೆ ಯೋಚಿಸಿದರೆ ಅವರಿಗೆ ನಾನು ಹೇಳಿದ್ದು ಬರೀ "ಬಿಪಿ 98" ಅಂತ. ಯಾವುದರಲ್ಲಿ ನೋಡಿದ್ದು, ನಾಡಿ ಇದೆಯಾ ಇಲ್ಲವಾ, ಹೋದ ವಾರ ಸ್ಪೀಡ್ ಬದಲಾಯಿತು, ಏನೂ ಹೇಳಿರಲಿಲ್ಲ. ಅವರೂ ಕೇಳಲಿಲ್ಲ, ಕೇಳಬೇಕಿತ್ತು. ಅದು ಬೇರೆ ಮಾತು.

ಕಂಟ್ರೋಲರಿನಲ್ಲೂ ಸುಳಿವು ಇತ್ತು. ಸ್ಪೀಡ್, ಪವರ್, ಎಷ್ಟು ಲೀಟರ್ ಹರಿಯುತ್ತಿದೆ ಅನ್ನುವುದರ ಜೊತೆ ಪಿಐ ಅಂತ ಒಂದು ನಂಬರ್ ಬರುತ್ತದೆ. ಹೃದಯ ಎಷ್ಟು ಬಡಿಯುತ್ತಿದೆ ಅನ್ನುವುದಕ್ಕೆ ಪಂಪು ಕೊಡುವ ಲೆಕ್ಕ ಅದು. ಅಪ್ಪನದ್ದು 3ರ ಹತ್ತಿರ ಇದ್ದದ್ದು ಸ್ಪೀಡ್ ಇಳಿಸಿದ ಮೇಲೆ 5 ದಾಟಿತ್ತು. ದಿನಾ ಬರೆದುಕೊಂಡಿದ್ದೇವೆ ಕೂಡ. ಬರೆಯುವುದು ಬೇರೆ, ನೋಡುವುದು ಬೇರೆ.

ಬೇರೆ ದಾರಿಗಳೂ ಇವೆ. ಟೆರುಮೊ ಕಂಪನಿಯ ಎಲಿಮಾನೊ ಅಂತ ಒಂದು ಮಿಷಿನ್ ಪಟ್ಟಿಯ ಗಾಳಿಯನ್ನು ತುಂಬಾ ನಿಧಾನವಾಗಿ ಬಿಡುತ್ತದೆ, ಸಣ್ಣ ಬಡಿತವನ್ನೂ ಹಿಡಿಯುತ್ತದೆ, ಪಂಪಿನವರಲ್ಲಿ ಅದನ್ನು ಪರೀಕ್ಷಿಸಿ ಒಳ್ಳೆಯ ಫಲಿತಾಂಶ ಬಂದಿದೆ. ಬೆರಳಿಗೆ ಸಣ್ಣ ಪಟ್ಟಿ ಹಾಕಿ ಬಡಿತದಿಂದ ಬಡಿತಕ್ಕೆ ಒತ್ತಡ ನೋಡುವ ಉಪಾಯ ಇದೆ, 1973ರಲ್ಲಿ ಚೆಕ್ ದೇಶದ ಪೆನ್ಯಾಜ್ ಅನ್ನುವವರು ಹುಟ್ಟುಹಾಕಿದ್ದು. ಅವೆಲ್ಲ ದೊಡ್ಡ ಆಸ್ಪತ್ರೆಯ ಮಾತು. ನಮ್ಮ ಅಡಿಗೆಮನೆ ಟೇಬಲ್ಲಿಗೆ ಡಾಪ್ಲರು, ಡಯಲ್ಲು, ಒಂದು ಮಾಮೂಲಿ ಮಿಷಿನ್, ಮೂರು ಬೆರಳು.

ಹಾರ್ಟ್‌ಮೇಟ್ 3ರಲ್ಲಿ ಇನ್ನೊಂದು ತಮಾಷೆ ಇದೆ. ರಕ್ತ ಒಂದೇ ಕಡೆ ನಿಂತು ಹೆಪ್ಪುಗಟ್ಟದಿರಲಿ ಅಂತ ಪಂಪು ಎರಡು ಸೆಕೆಂಡಿಗೊಮ್ಮೆ ತಾನೇ ಸ್ಪೀಡ್ ಇಳಿಸಿ ಏರಿಸುತ್ತದೆ. ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಗುಂಯ್ ಅಂತಿರುವ ಶಬ್ದ ಎರಡು ಸೆಕೆಂಡಿಗೊಮ್ಮೆ ಬಿಕ್ಕುತ್ತದೆ. ಹೃದಯದ ಬಡಿತಕ್ಕೂ ಅದಕ್ಕೂ ಸಂಬಂಧ ಇಲ್ಲ. ಅದನ್ನೇ ಎಣಿಸಿ ನಿಮಿಷಕ್ಕೆ 30 ಅಂತ ಬರೆದುಕೊಂಡು ಹೆದರಿದವರನ್ನೂ ನೋಡಿದ್ದೇನೆ. ಆಂಬ್ಯುಲೆನ್ಸಿನವರಿಗೆ, ಪಕ್ಕದ ಮನೆಯವರಿಗೆ ನಾವು ಹೇಳಿಕೊಟ್ಟಿರುವುದು ಇಷ್ಟು: ನಾಡಿ ಸಿಗದಿದ್ದರೆ ಹೋಗಿಬಿಟ್ಟರು ಅಂತ ಅಂದುಕೊಳ್ಳಬೇಡಿ. ಮಾತಾಡಿಸಿ, ತುಟಿಯ ಬಣ್ಣ ನೋಡಿ, ಎದೆಗೆ ಕಿವಿಯಿಟ್ಟು ಗುಂಯ್ ಕೇಳುತ್ತಾ ನೋಡಿ, ಕಂಟ್ರೋಲರ್ ಕೂಗುತ್ತಿದೆಯಾ ನೋಡಿ, ವೈರು ಬ್ಯಾಟರಿ ಬಿಚ್ಚಿಕೊಂಡಿದೆಯಾ ನೋಡಿ, ಕಂಟ್ರೋಲರ್ ಚೀಲದಲ್ಲಿರುವ ನಂಬರಿಗೆ ಫೋನ್ ಮಾಡಿ. ಅಪ್ಪನ ಬಾಗಿಲ ಹಿಂದೆ ಇದನ್ನು ಕನ್ನಡದಲ್ಲಿ ಬರೆದು ಅಂಟಿಸಿದ್ದೇವೆ.

ಪುಸ್ತಕಕ್ಕೆ ಈಗ ಕಾಲಂಗಳು ಜಾಸ್ತಿ ಆಗಿವೆ. ನಾನು ಗೆರೆ ಹಾಕಿಕೊಟ್ಟೆ, ತುಂಬುವುದು ಅಮ್ಮ. ಇವತ್ತು ಬೆಳಗ್ಗೆ ಫೋಟೋ ಕಳಿಸಿದ್ದರು: "ನಾಡಿ ಇದೆ. ಡಾ 98. ಮಿಷಿನ್ 100/76, ಮಧ್ಯ 84. ಪಿಐ 5.1. ಕಾಫಿಗೆ ಮುಂಚೆ." ಅದರ ಕೆಳಗೆ ಅಪ್ಪನ ಕೈಬರಹದಲ್ಲಿ, ಕೇಳದಿದ್ದರೂ, ಇನ್ನೊಂದು ಸಾಲು: "ಬೋರ್ 2 ಇಂಚು."